ಉತ್ತರಕ್ಕೆ ತಲೆ, ಕೆರೆಗೆ ಕಾಲು

ಕೃಷ್ಣಮೂರ್ತಿಪುರಂ, ಹೊರಡುವ ಮುನ್ನ

ಸ್ವೀಡನ್ ದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆಯ ಬಗ್ಗೆ ಬರೆಯುತ್ತಾರೆ. ಅರಮನೆ ನೋಡುವುದಕ್ಕೆ ಮೈಸೂರಿನವಳಾದ ನಾನು ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಾನು ಏಳು ಸಮುದ್ರ ದಾಟಿ ಹೋದದ್ದು ಎರಡು ಮರಗಳ ನಡುವೆ ಕಟ್ಟಿದ ಬಟ್ಟೆಯಲ್ಲಿ ಮಲಗುವುದಕ್ಕೆ. ನಮ್ಮಲ್ಲಿ ಹುಟ್ಟಿದ ಹನ್ನೊಂದನೆಯ ದಿನಕ್ಕೇ ಮಕ್ಕಳು ಈ ವಿದ್ಯೆ ಕಲಿಯುತ್ತವೆ. ನನಗೆ ಅದು ನಲವತ್ತೊಂದನೆಯ ವಯಸ್ಸಿನಲ್ಲಿ ಬಂತು, ಅದೂ ಸುಲಭವಾಗಿ ಬರಲಿಲ್ಲ.

ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಟೀಚರು, ಹೆಸರು ಪುಟ್ಟತಾಯಮ್ಮ. ನಮ್ಮ ಮ್ಯಾನೇಜರೇ ನಡೆಸುವ ಗಂಡುಮಕ್ಕಳ ಶಾಲೆಯವರು ವರ್ಷಕ್ಕೊಂದು ಸಲ ಊರಾಚೆ ಡೇರೆ ಹಾಕಿ ಮೂರು ದಿನ ಇದ್ದು ಬರುತ್ತಿದ್ದರು. ನಮ್ಮ ಹುಡುಗಿಯರ ಪಾಲಿಗೆ ಬಂದದ್ದು ಆ ಡೇರೆಗಳ ಹರುಕು ಹೊಲಿದುಕೊಡುವ ಕೆಲಸ ಮಾತ್ರ. ನಮಗೂ ಒಂದು ಕ್ಯಾಂಪ್ ಬೇಕೆಂದು ನಾನು ನಾಲ್ಕು ವರ್ಷ ಕೇಳಿದೆ. ಮ್ಯಾನೇಜರು ನಾಲ್ಕು ವರ್ಷವೂ ಒಂದೇ ಮಾತು ಹೇಳಿದರು.

"ಹೆಣ್ಮಕ್ಳು ಬಯಲಲ್ಲಿ ಮಲಗೋದು ಅಂದ್ರೆ ತಮಾಷೆಯೇನಮ್ಮ? ಹೇಳಿಕೊಡೋರಿಗೆ ಮೊದ್ಲು ಗೊತ್ತಿರಬೇಕಲ್ಲ."

ಅಷ್ಟರಲ್ಲಿ ಸ್ವೀಡನ್ನಿನ ಶಿಕ್ಷಕಿಯರ ಸಂಘವೊಂದರಿಂದ ಕಾಗದ ಬಂತು. ಹೊರಗೆ ಬೀಡು ಬಿಡುವುದನ್ನು ಬೇರೆ ಬೇರೆ ದೇಶಗಳ ಶಿಕ್ಷಕಿಯರಿಗೆ ಕಲಿಸುತ್ತಾರಂತೆ, ಖರ್ಚು ಅವರದೇ, ನಮ್ಮ ಶಾಲೆಯಿಂದ ಇಬ್ಬರು ಬರಬಹುದಂತೆ. ಕಾಗದ ಹಿಡಿದುಕೊಂಡು ಮ್ಯಾನೇಜರ ಮುಂದೆ ನಿಂತೆ. ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ಹೋಗಿ ಬನ್ನಿ. ಇಬ್ರೂ ಸರ್ಟಿಫಿಕೇಟ್ ತಂದ್ರೆ ನಿಮ್ಮ ಕ್ಯಾಂಪಿಗೆ ಒಪ್ಪಿಗೆ ಕೊಡ್ತೀನಿ. ಒಬ್ರು ತಂದ್ರೆ ಆಗೋಲ್ಲ."

ಒಬ್ಬರು ತಂದರೆ ಆಗೋಲ್ಲ ಎಂದು ಅವರು ಹೇಳಿದ್ದು, ನನ್ನ ಜೊತೆಗೆ ಹೊರಟವರು ತೆರೇಸಮ್ಮ ಎಂಬ ಕಾರಣಕ್ಕೆ. ತೆರೇಸಮ್ಮ ನಮ್ಮ ಹೊಲಿಗೆ ಟೀಚರು. ದುಂಡಗಿನ ಆಳು, ನಡೆದರೆ ಏದುಸಿರು. ದಿನಾ ಬೆಳಿಗ್ಗೆ ಚರ್ಚಿಗೆ ಹೋಗಿಯೇ ಶಾಲೆಗೆ ಬರುವವರು. ದಾರಿಯಲ್ಲಿ ಸೋತು ಕೂರುವವರು ತೆರೇಸಮ್ಮ ಎಂದು ಮ್ಯಾನೇಜರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಕೆರೆಯ ದಂಡೆ, ಮೊದಲ ದಿನ

ಅವರು ಅದನ್ನು ಸರೋವರ ಅನ್ನಲಿ, ಏನಾದರೂ ಅನ್ನಲಿ, ನಮ್ಮ ಕಣ್ಣಿಗೆ ಅದು ಕೆರೆ. ಸುತ್ತ ಪೈನ್ ಮರಗಳ ಕಾಡು. ಕಾಡಿನ ಅಂಚಿನಲ್ಲಿ ಮರದ ಒಂದು ಅಡುಗೆಮನೆ, ಅದರ ಪಕ್ಕ ಹುಲ್ಲು ತುಂಬಿದ ಕೊಟ್ಟಿಗೆ. ಜೂನ್ ತಿಂಗಳು. ಬೇಸಿಗೆ ಶುರುವಾಯಿತೆಂದು ಅಲ್ಲಿಯವರು ತೋಳಿಲ್ಲದ ಅಂಗಿ ಹಾಕಿಕೊಂಡು ಓಡಾಡುತ್ತಿದ್ದರು. ನಾವಿಬ್ಬರೂ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ಹಲ್ಲು ಕಟಕಟ ಅನ್ನಿಸುತ್ತಿದ್ದೆವು. ಇದು ಬೇಸಿಗೆಯಾದರೆ ಇವರ ಮಾಗಿಯ ಚಳಿಯನ್ನು ಶಿವನೇ ಕಾಯಬೇಕು.

ಶಿಬಿರದ ಮುಖ್ಯಸ್ಥೆ ಇಂಗ್ರಿಡ್. ಅರವತ್ತರ ಆಸುಪಾಸು, ತೆಂಗಿನ ಮರದ ಎತ್ತರ. ಒಂದು ಮಾತು ಆಡಿದರೆ ಇನ್ನೊಂದು ಮಾತಿಗೆ ಕಾಲು ಗಂಟೆ ಬಿಡುವು. ಅವರ ಇಂಗ್ಲಿಷ್ ನನ್ನ ಇಂಗ್ಲಿಷಿನಷ್ಟೇ ಮುರುಕು, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಸರ್ಟಿಫಿಕೇಟಿಗೆ ನಿಯಮ ಒಂದೇ. ಶಿಬಿರ ನಾಲ್ಕು ರಾತ್ರಿ. ಅದರಲ್ಲಿ ಮೂರು ರಾತ್ರಿ ಮರಕ್ಕೆ ಕಟ್ಟಿದ ಹ್ಯಾಮಕ್ಕಿನಲ್ಲಿ, ಅಂದರೆ ನಮ್ಮ ಭಾಷೆಯ ಜೋಲಿಯಲ್ಲಿ, ಬೆಳಗಿನವರೆಗೆ ಮಲಗಬೇಕು. ಸೂರಿನ ಕೆಳಗೆ ಬಂದರೆ ಆ ರಾತ್ರಿ ಲೆಕ್ಕಕ್ಕಿಲ್ಲ.

ಇಂಗ್ರಿಡ್ ಜೋಲಿ ಕಟ್ಟಿ ತೋರಿಸಿದರು. ಕಾಲಿನ ಕಡೆಯ ಹಗ್ಗವನ್ನು ಒಂದು ಗೇಣು ಎತ್ತರಕ್ಕೆ ಕಟ್ಟಬೇಕು, ಇಲ್ಲದಿದ್ದರೆ ಮೈ ಜಾರುತ್ತದೆ. ಹತ್ತುವಾಗ ಮೊದಲು ನಡುವೆ ಕೂರಬೇಕು, ಆಮೇಲೆ ಕಾಲು ಎತ್ತಬೇಕು. ನೇರವಾಗಿ ಮಲಗಿದರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗುತ್ತದೆ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಚಪ್ಪಟೆಯಾಗಿರುತ್ತದೆ. ನಾನು ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಡ್ರಿಲ್ ಟೀಚರಿಗೆ ಹತ್ತಿ ಇಳಿಯುವುದನ್ನು ಹೇಳಿಕೊಡಬೇಕೇ? ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಛಂಗನೆ ಹಾರಿದೆ. ಜೋಲಿ ಒಂದು ಸುತ್ತು ಸುತ್ತಿ ನನ್ನನ್ನು ಆ ಕಡೆ ನೆಲಕ್ಕೆ ಇಳಿಸಿತು.

"ಬಿದ್ಬುಟ್ರಾ ತಾಯಮ್ಮ?" ಎಂದರು ತೆರೇಸಮ್ಮ.

"ಇಲ್ಲ ಕಣ್ರೀ, ಆ ಕಡೆಯಿಂದ ಹೆಂಗಿದೆ ನೋಡೋಣ ಅಂತ ಹೋದೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ತೆರೇಸಮ್ಮನೋ, ಇಂಗ್ರಿಡ್ ಹೇಳಿದ ಹಾಗೆ ನಡುವೆ ಕೂತು, ಕಾಲು ಎತ್ತಿ, ಓರೆಯಾಗಿ ಮಲಗಿ, ತಾಯಿ ತೂಗಿದ ಮಗುವಿನ ಹಾಗೆ ನನ್ನ ಕಡೆ ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವತ್ತಿಗೆ ಬೆಚ್ಚಗಾದದ್ದು ಅದೊಂದೇ ಸಲ.

ಮೊದಲ ರಾತ್ರಿ, ಅಂದರೆ ಬೆಳಕಿನಲ್ಲಿ

ರಾತ್ರಿ ಎಂದು ಬರೆಯುತ್ತೇನೆ, ಆದರೆ ಕತ್ತಲೆ ಎಂದು ಬರೆಯಲಾರೆ. ಆ ದೇಶದಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮನೆಗೆ ಹೋಗುವವನ ಹಾಗೆ ಬಾಗಿಲವರೆಗೆ ಹೋಗಿ ಮತ್ತೆ ವಾಪಸು ಬರುತ್ತಾನೆ. ಹನ್ನೊಂದು ಗಂಟೆಗೆ ಸೂಜಿಗೆ ದಾರ ಪೋಣಿಸಬಹುದು. ತೆರೇಸಮ್ಮ ಪೋಣಿಸಿ ತೋರಿಸಿದರು.

ಮಲಗುವ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಕೆರೆ ದಕ್ಷಿಣಕ್ಕೆ, ಕಾಡು ಉತ್ತರಕ್ಕೆ. ಇಂಗ್ರಿಡ್ ಎಲ್ಲರ ಜೋಲಿಯನ್ನೂ ಕಾಲು ಕೆರೆಯ ಕಡೆಗೆ, ತಲೆ ಕಾಡಿನ ಕಡೆಗೆ ಬರುವ ಹಾಗೆ ಕಟ್ಟಿಸಿದ್ದರು. ಅಂದರೆ ಹದಿನಾಲ್ಕು ಜನ ಹೆಂಗಸರು ಸಾಲಾಗಿ ಉತ್ತರಕ್ಕೆ ತಲೆ ಹಾಕಿ ಮಲಗಬೇಕು! ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಗೆ ಏನಾಯಿತೆಂದು ನಮ್ಮಜ್ಜಿ ನೂರು ಸಲ ಹೇಳಿದ್ದಳು. ಅದರ ತಲೆ ಗಣಪತಿಗೆ ಹೋಯಿತು, ಮುಂಡ ಅಲ್ಲೇ ಉಳಿಯಿತು. ನನ್ನ ತಲೆ ಯಾವ ದೇವರಿಗೂ ಬೇಕಾಗಲಾರದು ನಿಜ, ಆದರೂ ನನಗೆ ಬೇಕಾಗಿತ್ತು.

"ತೆರೇಸಮ್ಮ, ತಲೆ ಈ ಕಡೆ ಹಾಕ್ರೀ."

"ಅವರು ಹೇಳ್ಕೊಟ್ಟ ಹಂಗೇ ಮಲಗ್ತೀನಿ ಕಣ್ರೀ. ನಮ್ಮಮ್ಮಾನೂ ಉತ್ತರಕ್ಕೆ ಬೇಡ ಅಂತಲೇ ಹೇಳೋರು. ಶಿಲುಬೆ ಗುರುತು ಎರಡು ಸಲ ಹಾಕ್ಕೊಂಡಿದೀನಿ, ಸಾಕು."

ನನ್ನ ಹತ್ತಿರ ಅಂಥ ಸೌಕರ್ಯ ಇರಲಿಲ್ಲ. ಯಾರಿಗೂ ಕಾಣದ ಹಾಗೆ ತಿರುಗಿ ಕೆರೆಗೆ ತಲೆ, ಕಾಡಿಗೆ ಕಾಲು ಮಾಡಿ ಮಲಗಿದೆ. ಆಗ ಒಂದಾದ ಮೇಲೊಂದು ಶುರುವಾಯಿತು. ಕಾಲಿಗೆಂದು ಎತ್ತರ ಕಟ್ಟಿದ ಕಡೆ ಈಗ ನನ್ನ ತಲೆ, ಹಾಗಾಗಿ ಮೈ ಕೆಳಗೆ ಜಾರಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಕಾಲು ಚಾಚುವುದಿರಲಿ, ಗಳಿಗೆಗೊಂದು ಸಲ ಮೂಟೆಯ ಹಾಗೆ ತಳಕ್ಕೆ ಹೋಗಿ ಕೂರುತ್ತಿದ್ದೆ, ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕೆರೆಯ ಗಾಳಿ ಯಾವ ಅಡ್ಡಿಯೂ ಇಲ್ಲದೆ ನೇರ ಕಿವಿಗೆ. ಚಳಿ ಕಿವಿಯಿಂದಲೇ ಮೈಯೊಳಗೆ ಹೋಗುವುದೆಂದು ಗೊತ್ತಿದ್ದ ನಾನು ಹತ್ತಿ ತುರುಕಿ, ಮಫ್ಲರು ಸುತ್ತಿ, ಅದರ ಮೇಲೆ ಟವೆಲು ಬಿಗಿದೆ. ಕಿವಿ ಬೆಚ್ಚಗಾಯಿತು. ಬೆನ್ನು ಮಾತ್ರ ಹಿಮದ ಗಡ್ಡೆಯ ಮೇಲೆ ಇಟ್ಟ ಹಾಗಿತ್ತು.

ಬೆಳಿಗ್ಗೆ ಇಂಗ್ರಿಡ್ ಬಂದು ನನ್ನ ತಲೆ ಇರಬೇಕಾದ ಕಡೆ ಕಾಲು ಕಂಡು ಬಹಳ ಹೊತ್ತು ನಿಂತರು. ಕಾರಣ ಕೇಳಿದರು. ಆನೆಯ ಕಥೆ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡು, ಕಾಲು ಗಂಟೆ ಬಿಟ್ಟು, "ಇಲ್ಲಿ ಆನೆ ಇಲ್ಲ" ಎಂದರು.

ಹೇಗೋ ಒಂದು ರಾತ್ರಿ ಲೆಕ್ಕಕ್ಕೆ ಬಂತು.

ಅಡುಗೆಮನೆಯಲ್ಲಿ ಸಿಕ್ಕಿಬಿದ್ದದ್ದು

ಈ ಜನರ ಅಭ್ಯಾಸಗಳನ್ನು ಹೇಳಿಬಿಡುತ್ತೇನೆ. ದಿನಕ್ಕೆ ಆರು ಸಲ ಕಾಫಿ ಕುಡಿಯುತ್ತಾರೆ, ಆರು ಸಲವೂ ಡಿಕಾಕ್ಷನ್ನನ್ನೇ ಕುಡಿದು ಹಾಲು ಮರೆತವರ ಹಾಗೆ ಎದ್ದು ಹೋಗುತ್ತಾರೆ. ಮನೆಯೊಳಗೆ ಬರುವಾಗ ಬೂಟು ಹೊರಗೆ ಬಿಡುತ್ತಾರೆ. ಇದೊಂದನ್ನು ನೋಡಿ ನನಗೆ ಇವರೂ ನಮ್ಮವರೇ ಅನ್ನಿಸಿತು. ಆದರೆ ಬೆಳಿಗ್ಗೆ ಎದ್ದು ಮೈಮೇಲೆ ನೂಲೆಳೆಯೂ ಇಲ್ಲದೆ ಕೆರೆಗೆ ಧುಮುಕುತ್ತಾರೆ. ಅಜ್ಜಿಯಂದಿರೂ ಅಷ್ಟೆ. ತೆರೇಸಮ್ಮ ಬೆನ್ನು ತಿರುಗಿಸಿ ನಿಂತು ಜಪಮಣಿ ಎಣಿಸಿದರು. ನಾನು ಬೆನ್ನು ತಿರುಗಿಸಲಿಲ್ಲ. ಡ್ರಿಲ್ ಟೀಚರು ಈಜುವ ಕ್ರಮವನ್ನು ಗಮನಿಸಬೇಕಾಗುತ್ತದೆ.

ಎರಡನೆಯ ರಾತ್ರಿ ಹಟಕ್ಕೆ ಬಿದ್ದು ಇದ್ದದ್ದನ್ನೆಲ್ಲ ಹೊದ್ದುಕೊಂಡೆ. ಕೋಟು, ಶಾಲು, ಊರಿಂದ ತಂದ ಕರಿ ಕಂಬಳಿ, ಅದರ ಮೇಲೆ ಅವರು ಕೊಟ್ಟ ಎರಡು ರಗ್ಗು. ತಲೆ ಮತ್ತೆ ಕೆರೆಗೇ. ಮೇಲಿನ ಭಾರಕ್ಕೆ ಉಸಿರು ಕಟ್ಟುತ್ತಿತ್ತು, ಕೆಳಗಿನ ಚಳಿಗೆ ಬೆನ್ನು ಮರಗಟ್ಟುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಎದ್ದು, ಕೈಕಾಲು ಸ್ವಲ್ಪ ಕಾಯಿಸಿಕೊಂಡು ಬಂದರಾಯಿತು ಎಂದು ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂತೆ.

ಕಣ್ಣು ಬಿಟ್ಟಾಗ ತೊಡೆಯ ಮೇಲೆ ಒಂದು ಬೆಕ್ಕು, ಸುತ್ತ ಹದಿಮೂರು ಜನ ಹೆಂಗಸರು, ಅವರ ಕೈಯಲ್ಲಿ ಕಾಫಿ. ಬೆಳಗಿನ ಏಳು ಗಂಟೆ.

ಇಂಗ್ರಿಡ್ ಏನೂ ಬೈಯಲಿಲ್ಲ. ಗೋಡೆಗೆ ಹಾಕಿದ್ದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಗೆರೆ ಎಳೆದರು. ತೆರೇಸಮ್ಮನ ಹೆಸರಿನ ಮುಂದೆ ಎರಡು ಗುರುತು ನೆಟ್ಟಗೆ ನಿಂತಿದ್ದವು. ಇನ್ನು ಉಳಿದದ್ದು ಎರಡೇ ರಾತ್ರಿ, ಎರಡೂ ನನಗೆ ಬೇಕು. ಒಂದು ತಪ್ಪಿದರೆ ಸರ್ಟಿಫಿಕೇಟ್ ಇಲ್ಲ, ನಮ್ಮ ಹುಡುಗಿಯರು ಇನ್ನೂ ಎಷ್ಟು ವರ್ಷ ಡೇರೆ ಹೊಲಿಯುತ್ತಾ ಕೂರಬೇಕೋ.

ಹೊರಗೆ ಬಂದು ಒಂದು ಬಂಡೆಯ ಮೇಲೆ ಕೂತೆ. ತೆರೇಸಮ್ಮ ಪಕ್ಕದಲ್ಲಿ ಬಂದು ಕೂತರು.

"ನಿಮಗೆ ಚಳಿ ಆಗಲ್ವೇನ್ರೀ?" ಎಂದೆ.

"ಬೆನ್ನು ಸತ್ತೇ ಹೋಗಿದೆ ಕಣ್ರೀ. ಬೆಳಗಿನವರೆಗೂ ಜಪಸರ ಮಾಡ್ತಾ ಇದ್ದೆ."

"ಮತ್ತೆ ಒಳಗೆ ಯಾಕೆ ಬರಲಿಲ್ಲ?"

"ನಾನೇ ಸೋಲೋದು ಅಂತ ನೀವೆಲ್ಲ ಅಂದ್ಕೊಂಡಿದ್ರಲ್ಲ, ಅದಕ್ಕೆ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಪಕ್ಕದ ಕ್ಲಾಸಿನಲ್ಲಿದ್ದ ಹೆಂಗಸಿನ ಎದೆಗಾರಿಕೆ ನನಗೆ ಗೊತ್ತಿರಲಿಲ್ಲ. ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳಿದೆ. ನಾನು ಅಷ್ಟು ಸುಲಭವಾಗಿ ಹೇಳುವವಳಲ್ಲ.

ಗಾಡಿಯಲ್ಲಿದ್ದ ಮಗು

ಅವತ್ತು ಮಧ್ಯಾಹ್ನ ಅಡುಗೆಮನೆಯ ಹಿಂದೆ ಒಂದು ಘೋರ ದೃಶ್ಯ ಕಂಡೆ. ಅಡುಗೆಯವಳಾದ ಮಾರ್ತಾ ತನ್ನ ಆರು ತಿಂಗಳ ಕೂಸನ್ನು ನಾಲ್ಕು ಚಕ್ರದ ಗಾಡಿಯಲ್ಲಿ ಹಾಕಿ, ಆ ಕೊರೆಯುವ ಗಾಳಿಯಲ್ಲಿ ಬಿಟ್ಟು, ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ಹತ್ತಿರ ಒಂದು ನರಪಿಳ್ಳೆ ಇಲ್ಲ. ಮಗುವಿನ ಮೂಗು ಕೆಂಪಗಾಗಿತ್ತು.

"ಅಯ್ಯೋ ಪಾಪಿ, ಮಗೂನ ಕೊಂದ್ಬುಡ್ತಾಳೆ!" ಎಂದು ಕೂಗಿ ನಾನು ಮಗುವನ್ನು ಎತ್ತಿಕೊಂಡು ಒಳಗೆ ಓಡಿದೆ. ಒಲೆಯ ಪಕ್ಕ ಕೂತು ಸೆರಗಿನಲ್ಲಿ ಸುತ್ತಿ, ಅಂಗಾಲು ಉಜ್ಜಿದೆ. ಅಲ್ಲಿಯವರೆಗೆ ತೆಪ್ಪಗೆ ಮಲಗಿದ್ದ ಮಗು ಕಣ್ಣು ಬಿಟ್ಟು ನನ್ನ ಹಣೆಯ ಕುಂಕುಮ ನೋಡಿ, ಕೆರೆಯ ಆಚೆ ದಡಕ್ಕೂ ಕೇಳುವ ಹಾಗೆ ಕಿರುಚಿತು. ನಾನು ಜೋಗುಳ ಹಾಡಿದೆ. ಕಿರುಚಾಟ ಇನ್ನೂ ಹೆಚ್ಚಾಯಿತು.

ಮಾರ್ತಾ ಕೈ ಒರೆಸಿಕೊಂಡು ಬಂದು ನನ್ನಿಂದ ಮಗುವನ್ನು ಇಸಿದುಕೊಂಡಳು. ಇಲ್ಲಿ ಎಲ್ಲರ ಮಕ್ಕಳೂ ಹೊರಗೇ ಮಲಗುತ್ತವೆ, ಒಳಗೆ ಹಾಕಿದರೆ ನಿದ್ದೆಯೇ ಮಾಡುವುದಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದಳು. ಹೊರಗೆ ಹೋಗಿ ಗಾಡಿಯಲ್ಲಿ ಮಲಗಿಸಿದಳು. ಎರಡು ನಿಮಿಷಕ್ಕೆ ಮಗು ಗಾಢ ನಿದ್ದೆ. ನನ್ನ ಮುಖ ನೋಡುವ ಹಾಗಿತ್ತು.

ತೆರೇಸಮ್ಮ ಮಾತ್ರ ಮಗುವನ್ನು ಬಿಟ್ಟು ಗಾಡಿಯನ್ನು ನೋಡುತ್ತಿದ್ದರು. ಹೊಲಿಗೆಯವರ ಕಣ್ಣು ಬಟ್ಟೆಯ ಮೇಲೇ ಇರುತ್ತದೆ. ಮೆಲ್ಲಗೆ ಹಾಸಿಗೆಯ ಅಂಚು ಎತ್ತಿದರು.

"ಇಲ್ಲಿ ನೋಡ್ರೀ ತಾಯಮ್ಮ. ಮೇಲೆ ಹೊದಿಸಿರೋದು ಒಂದೇ ಒಂದು ತೆಳು ಹೊದಿಕೆ. ದಪ್ಪ ಎಲ್ಲಾ ಕೆಳಗಿದೆ. ಕುರಿ ಚರ್ಮ, ಅದರ ಕೆಳಗೆ ಹುಲ್ಲಿನ ಮೆತ್ತೆ. ಚಳಿ ಮೇಲಿಂದ ಬರೋಲ್ಲ, ಕೆಳಗಿಂದ ಬರುತ್ತೆ."

ನಾನು ಹಣೆ ಚಚ್ಚಿಕೊಂಡೆ. ನೆಲವಾದರೂ ಕೊಂಚ ಹೊತ್ತಿಗೆ ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಜೋಲಿಯ ಕೆಳಗೆ ನೆಲವೇ ಇಲ್ಲ, ಬರೀ ಗಾಳಿ ಹರಿದಾಡುತ್ತದೆ. ನಾನು ಐದು ಹೊದಿಕೆ ಹೊಟ್ಟೆಯ ಮೇಲೆ ಹೇರಿಕೊಂಡು, ಬೆನ್ನಿಗೆ ಒಂದು ಪದರ ಬಟ್ಟೆ ಕೊಟ್ಟಿದ್ದೆ.

ಕಂಬಳಿ ಒಳಗೆ ಹಾಸಿದರಾಯಿತು ಎಂದೆ. ತೆರೇಸಮ್ಮ ಆಗದು ಎಂದು ತಲೆಯಾಡಿಸಿದರು. ಒಳಗೆ ಹಾಸಿದ್ದು ಹೊರಳಿದರೆ ಸರಿದುಹೋಗುತ್ತದೆ, ಸರಿಯದಿದ್ದರೂ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾದದ್ದು ಶಾಖ ಹಿಡಿಯುವುದಿಲ್ಲ. ಜೋಲಿಯ ಹೊರಗೆ, ಅಡಿಯಲ್ಲಿ ಇನ್ನೊಂದು ಜೋಲಿಯ ಹಾಗೆ ಸಡಿಲವಾಗಿ ಕಂಬಳಿ ತೂಗುಬಿಡಬೇಕು. ನಡುವೆ ಏನಾದರೂ ತುಂಬಬೇಕು.

ತುಂಬುವುದಕ್ಕೆ ಏನು ಎಂಬುದು ನನಗೆ ಗೊತ್ತಿತ್ತು. ನಾನು ಬೇಸಾಯಗಾರರ ಮಗಳು, ಸುಗ್ಗಿಯ ಚಳಿಯಲ್ಲಿ ಅಣ್ಣಂದಿರ ಜೊತೆ ಹುಲ್ಲಿನ ಮೆದೆಯಲ್ಲಿ ಹೂತು ಮಲಗಿದವಳು. ಮಾರ್ತಾಳ ಕೊಟ್ಟಿಗೆಯಿಂದ ಎರಡು ಹೊರೆ ಒಣಹುಲ್ಲು ತಂದೆ. ಅವಳೇ ಗೋಣಿ ಹೊಲಿಯುವ ದಬ್ಬಳವನ್ನೂ ಕೊಟ್ಟಳು, ಮಗುವನ್ನು ಮುಟ್ಟುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡ ಮೇಲೆ. ತೆರೇಸಮ್ಮ ಸಂಜೆಯವರೆಗೆ ಕೂತು ಎರಡೂ ಜೋಲಿಗಳ ಅಡಿಗೆ ಕಂಬಳಿ ಹೊಲಿದರು, ನಾನು ಹುಲ್ಲು ತುಂಬಿದೆ.

ಮೂರನೆಯದು, ನಾಲ್ಕನೆಯದು

ಇಂಗ್ರಿಡ್ ಬಂದು ಜೋಲಿಯ ಹೊಟ್ಟೆ ಒತ್ತಿ ನೋಡಿದರು. "ಒಳ್ಳೆಯದು. ಆದರೆ ತಣ್ಣಗೆ ಹೋಗಿ ಮಲಗಬೇಡಿ" ಎಂದರು. ಕಂಬಳಿ ಶಾಖ ಹುಟ್ಟಿಸುವುದಿಲ್ಲ, ನಾವು ತಂದ ಶಾಖವನ್ನು ಕಾಯುತ್ತದೆ ಅಷ್ಟೆ. ಮೈ ಬೆಚ್ಚಗೆ ಮಾಡಿಕೊಂಡು ಹೋಗಬೇಕು, ಒಣಗಿದ ಕಾಲುಚೀಲ ಹಾಕಬೇಕು, ಮಲಗುವ ಮುಂಚೆ ಒಂದಕ್ಕೆ ಹೋಗಿಬರಬೇಕು.

ಮೈ ಬೆಚ್ಚಗೆ ಮಾಡುವುದು ನನ್ನ ಕಸುಬು. ಕಿವಿ ಹಿಡಿದು ಬಸ್ಕಿ ಹೊಡೆಯುವುದನ್ನು ತೋರಿಸಿದೆ. ನಮ್ಮಲ್ಲಿ ಅದು ತಡವಾಗಿ ಬಂದವರಿಗೆ ಕೊಡುವ ಶಿಕ್ಷೆ ಎಂದು ಮಾತ್ರ ಹೇಳಲಿಲ್ಲ. ಹದಿಮೂರು ಹೆಂಗಸರು, ಅವರ ಮುಂದೆ ಇಂಗ್ರಿಡ್, ಎರಡೂ ಕಿವಿ ಹಿಡಿದು ಕೆರೆಯ ದಂಡೆಯಲ್ಲಿ ಮೂವತ್ತು ಮೂವತ್ತು ಬಸ್ಕಿ ಹೊಡೆದರು. ಅಷ್ಟು ಶಿಸ್ತಿನ ಶಿಕ್ಷೆಯನ್ನು ನಾನು ಮೈಸೂರಿನಲ್ಲಿ ಕಂಡಿಲ್ಲ. ತೆರೇಸಮ್ಮನಿಗೆ ನಗು ತಡೆಯಲಾರದೆ ಮೈ ಇನ್ನಷ್ಟು ಬೆಚ್ಚಗಾಯಿತು.

ಇನ್ನು ಒಂದೇ ಉಳಿದಿತ್ತು. ಜೋಲಿಯ ಪಕ್ಕ ನಿಂತು ಆನೆಯನ್ನು ನೆನೆದೆ, ನಮ್ಮಜ್ಜಿಯನ್ನು ನೆನೆದೆ. ಆಮೇಲೆ ಕ್ಯಾಂಪಿಗೆ ಕಾದು ಕೂತಿದ್ದ ನಮ್ಮ ಶಾಲೆಯ ಮೂರನೇ ಫಾರಂ ಕ್ಲಾಸಿನ ಹುಡುಗಿಯರನ್ನು ನೆನೆದೆ. ಅಜ್ಜಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಒಪ್ಪಿಸಿ, ನಡುವೆ ಕೂತು, ಕಾಲೆತ್ತಿ, ಓರೆಯಾಗಿ, ಕೆರೆಗೆ ಕಾಲು ಮಾಡಿ, ತಲೆಯನ್ನು ಸಾಕ್ಷಾತ್ ಉತ್ತರಕ್ಕೆ ಹಾಕಿ ಮಲಗಿದೆ.

ಬೆನ್ನು ಮೊದಲು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಹುಲ್ಲಿನ ವಾಸನೆ ಮೇಲಕ್ಕೆ ಬಂತು. ಆಮೇಲೆ ಒಂದು ಕಾವು ಸೊಂಟದಿಂದ ಶುರುವಾಗಿ ಹೆಗಲವರೆಗೆ ಹರಡಿತು. ಮೇಲೆ ಒಂದೇ ರಗ್ಗು. ಪೈನ್ ಮರಗಳ ತುದಿಯಲ್ಲಿ ಕತ್ತಲಾಗದ ಆಕಾಶ. ನನಗೆ ಬಹಳ ಸಂತೋಷವಾಯಿತು. ತೆರೇಸಮ್ಮನನ್ನು ಕರೆದು ಹೇಳೋಣವೆಂದರೆ ಅವರ ಗೊರಕೆ ಆಗಲೇ ಏರುದಾರಿಯಲ್ಲಿತ್ತು. ಬೆಳಿಗ್ಗೆ ಇಂಗ್ರಿಡ್ ಜೋಲಿ ಅಲ್ಲಾಡಿಸಿ ಎಬ್ಬಿಸಬೇಕಾಯಿತು. ನಾಲ್ಕನೆಯ ರಾತ್ರಿ ಹನಿ ಮಳೆ ಬಂದರೂ ಇಂಗ್ರಿಡ್ ಎಲ್ಲರ ಜೋಲಿಯ ಮೇಲೂ ಕಟ್ಟಿಸಿದ ಟಾರ್ಪಾಲಿನ ಕೆಳಗೆ ಹಾಗೆಯೇ ಕಳೆಯಿತು.

ಸರ್ಟಿಫಿಕೇಟ್ ಕೊಡುವಾಗ ಇಂಗ್ರಿಡ್ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಇದೆ" ಎಂದರು. ಅವರು ತಮಾಷೆ ಮಾಡಿದ್ದನ್ನು ಕಂಡದ್ದು ಅದೊಂದೇ ಸಲ.

ಮರಳಿ ಮೈಸೂರು

ಮ್ಯಾನೇಜರು ಎರಡು ಸರ್ಟಿಫಿಕೇಟನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊಟ್ಟ ಮಾತು ಇತ್ತಲ್ಲ, ಇಲ್ಲ ಎನ್ನುವ ಹಾಗಿರಲಿಲ್ಲ. ಆದರೆ ಅವರು ಮ್ಯಾನೇಜರು.

"ನಂದೇನೂ ಅಡ್ಡಿಯಿಲ್ಲ. ತಾಯಂದಿರು ಒಪ್ಪಬೇಕಲ್ಲ? ಒಂದು ಸಭೆ ಕರೀರಿ."

ಯಾವ ತಾಯಿಯೂ ಒಪ್ಪುವುದಿಲ್ಲ ಎಂಬ ಧೈರ್ಯ ಅವರಿಗಿತ್ತು. ಸಭೆಯ ದಿನ ಶಾಲೆಯ ಹಾಲ್‌ನಲ್ಲಿ ಸುಮಾರು ಐವತ್ತು ಜನ ಹೆಂಗಸರು ಕೂತಿದ್ದರು. ಮ್ಯಾನೇಜರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ನಾನು ಕೆರೆ, ಮರ, ಕಂಬಳಿ, ಹುಲ್ಲು ಎಲ್ಲವನ್ನೂ ವಿವರಿಸಿದೆ. ಜೋಲಿಯನ್ನು ಎರಡು ಕಂಬಗಳಿಗೆ ಕಟ್ಟಿ ತೋರಿಸಿದೆ. ತೆರೇಸಮ್ಮ ಹತ್ತಿ ಮಲಗಿ ಇಳಿದರು. ಯಾರೂ ನಗಲಿಲ್ಲ.

ಒಬ್ಬರು ಎದ್ದು, "ನಾಳೆ ಹೆಣ್ಣು ನೋಡೋಕೆ ಬಂದೋರು ಕೇಳಿದ್ರೆ ಏನು ಹೇಳೋಣ?" ಎಂದರು. ಇನ್ನೊಬ್ಬರು, "ಹಾವುಗೀವು ಬಂದ್ರೆ?" ಎಂದರು. ಹೌದು ಹೌದು ಎಂಬ ಗುಸುಗುಸು ಎದ್ದಿತು. ಮ್ಯಾನೇಜರು ಕನ್ನಡಕ ತೆಗೆದು ಸಮಾಧಾನವಾಗಿ ಒರೆಸತೊಡಗಿದರು. ಇಷ್ಟು ದೂರ ಹೋಗಿ ಬಂದದ್ದು ಇಲ್ಲಿ ಸೋಲುವುದಕ್ಕೇ ಅನ್ನಿಸಿತು.

ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮ್ಯಾನೇಜರ ಹೆಂಡತಿ. ಅವರ ಮಗಳೂ ನಮ್ಮ ಮೂರನೇ ಫಾರಮ್ಮಿನಲ್ಲಿದ್ದಳು. ಶಾಲೆಯ ಸಮಾರಂಭಗಳಿಗೆ ಬಂದು ಕುಂಕುಮ ಕೊಟ್ಟು ಹೋಗುವುದನ್ನು ಬಿಟ್ಟರೆ ಅವರ ದನಿಯನ್ನು ನಾವು ಯಾರೂ ಕೇಳಿದವರಲ್ಲ. ಎದ್ದವರು ನೇರವಾಗಿ ಜೋಲಿಯ ಬಳಿಗೆ ಬಂದು, ಅದರ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ನನಗೆ ಹದಿಮೂರಕ್ಕೆ ಮದುವೆ ಆಯ್ತು ಕಣಮ್ಮ. ಅಲ್ಲಿಂದೀಚೆಗೆ ಒಂದು ದಿನಾನೂ ಆಕಾಶ ನೋಡ್ಕೊಂಡು ಮಲಗಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಕ್ಕಳು ಮಾತ್ರಾನೋ, ಇಲ್ಲ ತಾಯಂದಿರೂ ಬರಬಹುದೋ?"

ಐವತ್ತು ತಲೆಗಳು ಬಾಗಿಲ ಕಡೆ ತಿರುಗಿದವು. ಮ್ಯಾನೇಜರು ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು, ಅದಿಲ್ಲದೆ ಏನೂ ಕಾಣದವರ ಹಾಗೆ ಹೆಂಡತಿಯನ್ನೇ ನೋಡುತ್ತಿದ್ದರು. ಬೇಡ ಎಂದು ಅವರ ಬಾಯಿಂದ ಬರಲಿಲ್ಲ.

"ಬರಬಹುದು," ಎಂದೆ. ತೆರೇಸಮ್ಮ ಆಗಲೇ ಪುಸ್ತಕ, ಪೆನ್ಸಿಲು ನನ್ನ ಮುಂದೆ ಇಟ್ಟಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಬರೆಯಬೇಕು. ಪೆನ್ಸಿಲು ಹಿಡಿದ ಮೇಲೆ ಗೊತ್ತಾಯಿತು, ನನಗೆ ಆ ಹೆಸರು ಗೊತ್ತಿಲ್ಲ. ಹನ್ನೆರಡು ವರ್ಷ ಅವರು ನಮಗೆಲ್ಲ ಮ್ಯಾನೇಜರ ಮನೆಯವರು ಅಷ್ಟೆ.

"ನಿಮ್ಮ ಹೆಸರಮ್ಮ?" ಎಂದು ಕೇಳಿದೆ.

ಅವರು ಗಂಡನ ಕಡೆ ನೋಡಲಿಲ್ಲ. ಹಾಲ್‌ನ ಕೊನೆಯವರೆಗೂ ಕೇಳುವ ಹಾಗೆ, "ಚೆಲುವಮ್ಮ," ಎಂದರು.